ಸಭೆಯೂ ಪ್ರಾರ್ಥನೆಯೂ

ಮಾಂಬಳ್ಳಿ ಮೊದಲಾದ ಯಳಂದೂರು ಸೀಮೆಯ ಗ್ರಾಮಗಳಲ್ಲಿ ಸಾರ್ವಜನಿಕ ಸಭೆಯು ಪ್ರಾರ್ಥನೆಯಿಂದ ಮೊದಲಾಗುವುದು ವಾಡಿಕೆ. ದೇವರನಾಮವು ಮುಗಿದ ಹೊರತು ಸ್ವಾಗತದ ಮಾತು ಹೊರಡದು. ಭಜನೆಯ ಮಂಟಪದಲ್ಲಿ ಇದಕ್ಕೆ ಆಕ್ಷೇಪವೇನು? ಆದರೆ ಸಕಲ ಮತದವರ ಕಂದಾಯದಿಂದ ನಡೆಯುವ ಪಂಚಾಯಿತಿಯು ಯಾರ ದೇವರನ್ನು ನೆನೆಯಬೇಕು?

ಅರಸರ ಕಾಲದಲ್ಲಿ ಈ ಪ್ರಶ್ನೆಗೆ ಉತ್ತರವು ಸಿದ್ಧವಾಗಿದ್ದಿತು. ಯಳಂದೂರು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದ ಸೀಮೆ. ಅದು ಮೈಸೂರು ಸಂಸ್ಥಾನದ ಅಂಗ. ಆ ಸಂಸ್ಥಾನದಲ್ಲಿ ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ನೆರೆಯಿಸಿದ್ದು ದಸರೆಯ ಸಮಯದಲ್ಲಿಯೇ. ದೇವೀಪೂಜೆಗೆ ಬಂದ ಊರಿನಲ್ಲಿಯೇ ರಯತರ ಅಹವಾಲುಗಳೂ ಕೇಳಲ್ಪಟ್ಟವು. ಬಸವಪ್ಪಶಾಸ್ತ್ರಿಗಳು ರಚಿಸಿದ ‘ಕಾಯೌ ಶ್ರೀಗೌರೀ’ ಎಂಬ ಪ್ರಾರ್ಥನೆಯೇ ಸಂಸ್ಥಾನದ ಗೀತೆಯಾಗಿದ್ದಿತು. ರಾಜನ ದೇವರು ರಾಜ್ಯದ ದೇವರು. ನೆರೆಯ ಕೊಳ್ಳೇಗಾಲದ ರೀತಿಯಾದರೋ ಬೇರೆ. 1956ರ ವರೆಗೆ ಮದರಾಸು ಆಧಿಪತ್ಯಕ್ಕೂ ಅನಂತರ ಮದರಾಸು ರಾಜ್ಯಕ್ಕೂ ಸೇರಿದ್ದ ಆ ತಾಲ್ಲೂಕಿಗೆ 1858ರ ವಿಕ್ಟೋರಿಯಾ ರಾಣಿಯ ಘೋಷಣೆಯು ಅನ್ವಯಿಸುತ್ತಿದ್ದಿತು. ರಾಣಿಯು ತಾನು ಕ್ರೈಸ್ತಳೆಂದು ಸಾರಿಯೂ ಪ್ರಜೆಗಳ ಮತದಲ್ಲಿ ಕೈಹಾಕಬಾರದೆಂದು ಅಧಿಕಾರಿಗಳಿಗೆ ಅಪ್ಪಣೆಮಾಡಿದ್ದಳು.

ರಾಜ್ಯವು ಪ್ರಜೆಗಳದೇ ಆದಾಗ ಪ್ರಶ್ನೆಯು ಮತ್ತೆ ತಲೆಯೆತ್ತಿತು. 1949ನೆಯ ಅಕ್ಟೋಬರ್ 17ರಂದು ದೆಹಲಿಯ ಸಂವಿಧಾನ ಸಭೆಯಲ್ಲಿ, ಪೀಠಿಕೆಯು ‘ದೇವರ ಹೆಸರಿನಲ್ಲಿ’ ಎಂದು ಆರಂಭವಾಗಬೇಕೆಂಬ ತಿದ್ದುಪಡಿಯನ್ನು ಸೂಚಿಸಿದವರು ಮಂಗಳೂರಿನಲ್ಲಿ ಜನಿಸಿದ ಹರಿ ವಿಷ್ಣು ಕಾಮತರು. ರೋಹಿಣೀಕುಮಾರ ಚೌಧುರಿಗಳು, ಶಕ್ತಿಯ ಉಪಾಸಕರಾದ ತಮಗೆ ‘ದೇವಿಯ ಹೆಸರಿನಲ್ಲಿ’ ಎಂದರೆ ಲೇಸೆಂದರು. (ಗೌರಿಯನ್ನು ಹಾಡಿಕೊಂಡು ಬೆಳೆದ ಮೈಸೂರಿನವರಿಗೆ ಇದು ನಗೆಯ ಮಾತೆನಿಸಲಾರದು.) ಥಾಣು ಪಿಳ್ಳೆಯವರು ಇದು ನಂಬಿಕೆಯಲ್ಲಿ ಬಲಾತ್ಕಾರವಾದೀತೆಂದರು. ಪೂರ್ಣಿಮಾ ಬ್ಯಾನರ್ಜಿಯವರು ದೇವರ ವಿಷಯದಲ್ಲಿ ಮತ ಹಾಕುವ ಸಂಕಟಕ್ಕೆ ಸದಸ್ಯರನ್ನು ಗುರಿಮಾಡಬೇಡಿರೆಂದು ಕಾಮತರನ್ನು ಬೇಡಿಕೊಂಡರು. ಹೃದಯನಾಥ ಕುಂಜ್ರೂ ಅವರ ವಾದವೇ ಹೆಚ್ಚು ತೂಕದ್ದು: ನಂಬಿಕೆ ಮತ್ತು ಉಪಾಸನೆಗಳ ಸ್ವಾತಂತ್ರ್ಯವನ್ನು ಕೊಡುವ ಪೀಠಿಕೆಯೇ ಒಂದು ನಂಬಿಕೆಯನ್ನು ಎಲ್ಲರ ಮೇಲೆ ಹೊರಿಸುವುದು ಅಸಂಗತ. ಕಾಮತರು ಹಿಂಜರಿಯಲಿಲ್ಲ, ಎಣಿಕೆಯನ್ನೇ ಕೇಳಿದರು. ಪರವಾಗಿ 41, ವಿರೋಧವಾಗಿ 68. ವಿರೋಧಿಸಿದವರೆಲ್ಲರೂ ನಾಸ್ತಿಕರೆಂದು ತಿಳಿಯುವುದು ತಪ್ಪು. ಅದೇ ವರ್ಷದ ನವೆಂಬರ್ 25ರಂದು ಮೈಸೂರಿನ ಮಹಾರಾಜರು ಈ ಸಂವಿಧಾನವನ್ನು ತಮ್ಮ ಸಂಸ್ಥಾನಕ್ಕೂ ಅಂಗೀಕರಿಸಿ ಘೋಷಣೆ ಹೊರಡಿಸಿದರು.

ಆದರೂ ಸಭೆಯ ಪ್ರಾರ್ಥನೆಯನ್ನು ಸಂವಿಧಾನವು ವಿಧಿಸಲೂ ಇಲ್ಲ, ಹೆಸರೆತ್ತಿ ನಿಷೇಧಿಸಲೂ ಇಲ್ಲ. ಇಂಗ್ಲೆಂಡಿನ ಬಿಡ್‌ಫರ್ಡ್ ಪಟ್ಟಣಸಭೆಯ ಪ್ರಾರ್ಥನೆಯು ನ್ಯಾಯಾಲಯದ ಮೆಟ್ಟಿಲೇರಿತು. ಸಭೆಯ ಕಲಾಪದಲ್ಲಿ ಅದನ್ನು ಸೇರಿಸಲು ಅಧಿಕಾರವಿಲ್ಲವೆಂದು 2012ರಲ್ಲಿ ತೀರ್ಪಾಗಲು, 2015ರಲ್ಲಿ ಪಾರ್ಲಿಮೆಂಟು ಅದಕ್ಕೆಂದೇ ಶಾಸನಮಾಡಿ ಅನುಮತಿಯಿತ್ತಿತು. ಭಾರತದ ಸಂವಿಧಾನವು ಪ್ರಮಾಣವಚನದಲ್ಲಿ ಹಿಡಿದ ದಾರಿ ಇದಕ್ಕಿಂತ ಸರಳವಾದುದು. ಮೂರನೆಯ ಅನುಸೂಚಿಯಲ್ಲಿ ಎರಡು ಪಾಠಗಳಿವೆ: ಬೇಕಾದವನು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಒಲ್ಲದವನು ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಯಾವುದನ್ನು ಹೇಳಿದರೂ ದೊರೆಯುವ ಪೀಠವು ಒಂದೇ.