ಯಂತ್ರ ಬದಲಾಗಲಿ, ಕೆಲಸ ನಿಲ್ಲದಿರಲಿ

1951ರ ಮಾತು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಅಲನ್ ಹಾಜ್‌ಕಿನ್ ಮತ್ತು ಆಂಡ್ರ್ಯೂ ಹಕ್ಸ್‌ಲಿ ಎಂಬ ಇಬ್ಬರು ಶರೀರಕ್ರಿಯಾ ವಿಜ್ಞಾನಿಗಳು ಒಂದು ದೊಡ್ಡ ಪ್ರಶ್ನೆಯ ಉತ್ತರದ ಹೊಸ್ತಿಲಲ್ಲಿ ನಿಂತಿದ್ದರು. ನರತಂತುವಿನಲ್ಲಿ ಸಂದೇಶ ಹೇಗೆ ಹರಿಯುತ್ತದೆ ಎಂಬುದೇ ಆ ಪ್ರಶ್ನೆ. ನಮ್ಮ ಕರಾವಳಿಯವರು ಬೊಂಡಾಸ್ ಎಂದು ಕರೆಯುವ ಸ್ಕ್ವಿಡ್‌ನ ದಪ್ಪ ನರದ ಮೇಲೆ ಅವರು ಪ್ರಯೋಗಗಳನ್ನು ಮುಗಿಸಿದ್ದರು. ಅಳತೆಗಳಿಗೆ ಹೊಂದುವ ಸಮೀಕರಣಗಳನ್ನೂ ರೂಪಿಸಿದ್ದರು. ಉಳಿದದ್ದು ಲೆಕ್ಕ. ಅದನ್ನು ಮಾಡಿಕೊಡಲು ವಿಶ್ವವಿದ್ಯಾಲಯದಲ್ಲೇ ಜಗತ್ತಿನ ಮೊದಲ ಗಣಕಯಂತ್ರಗಳಲ್ಲಿ ಒಂದಾದ ಎಡ್‌ಸ್ಯಾಕ್ ಇತ್ತು.

ಆದರೆ ಅದೇ ಹೊತ್ತಿಗೆ ಯಂತ್ರವನ್ನು ಸುಧಾರಿಸುವ ಕೆಲಸ ಆರಂಭವಾಯಿತು. ಸುಮಾರು ಆರು ತಿಂಗಳು ಗಣಕ ಸಿಗದು ಎಂದು ತಿಳಿಯಿತು. ಹಕ್ಸ್‌ಲಿ ಕಾಯಲಿಲ್ಲ. ಬ್ರುನ್ಸ್‌ವಿಗಾ ಎಂಬ, ಹಿಡಿಕೆ ತಿರುಗಿಸಿ ಕೂಡಿ ಕಳೆಯುವ ಕೈಯಂತ್ರವನ್ನು ಮುಂದಿಟ್ಟುಕೊಂಡು ಕುಳಿತರು. ನರದ ಉದ್ದಕ್ಕೂ ಸಂದೇಶ ಸಾಗುವ ಒಂದೇ ಒಂದು ಲೆಕ್ಕಕ್ಕೆ ಸುಮಾರು ಮೂರು ವಾರ ಹಿಡಿಯಿತು. ಲೆಕ್ಕದ ಪ್ರಕಾರ ಸಂದೇಶದ ವೇಗ ಸೆಕೆಂಡಿಗೆ 18.8 ಮೀಟರ್, ಪ್ರಯೋಗದಲ್ಲಿ ಕಂಡದ್ದು 21.2 ಮೀಟರ್. ಇಷ್ಟು ಹತ್ತಿರದ ಹೊಂದಾಣಿಕೆ ಸಿದ್ಧಾಂತಕ್ಕೆ ಭದ್ರ ಬುನಾದಿ ಹಾಕಿತು. 1952ರಲ್ಲಿ ಪ್ರಬಂಧಗಳು ಪ್ರಕಟವಾದವು. 1963ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂದಿತು.

ಗಣಕ ಕೈಕೊಟ್ಟರೂ ಸಂಶೋಧನೆ ನಿಲ್ಲಲಿಲ್ಲ, ನಿಜ. ಆದರೆ ಆಗ ಹಕ್ಸ್‌ಲಿಯ ಮೇಜಿನ ಮೇಲೆ ಇನ್ನೊಂದು ದಾರಿ ಇತ್ತು. ಇಂದಿನ ಸಂಶೋಧಕನ ಮುಂದೆ ಅಂಥ ಕೈಯಂತ್ರ ಇಲ್ಲ. ಅವನ ಅಳತೆ, ಲೆಕ್ಕ, ಟಿಪ್ಪಣಿ, ಪತ್ರ ಎಲ್ಲವೂ ವಿಶ್ವವಿದ್ಯಾಲಯದ ಗಣಕ ಸೇವೆಯ ಒಳಗೇ ಇರುತ್ತವೆ. ಹಾಗಾಗಿ ಆ ಸೇವೆಯನ್ನು ಬದಲಾಯಿಸುವುದೆಂದರೆ, ಜನರು ಒಳಗಿರುವಾಗಲೇ ಮನೆಯ ತೊಲೆ ಬದಲಾಯಿಸಿದಂತೆ. ಈ ಕೆಲಸವನ್ನು ಕೇಂಬ್ರಿಜ್ ಮುಕ್ಕಾಲು ಶತಮಾನದಿಂದ ಮತ್ತೆ ಮತ್ತೆ ಮಾಡುತ್ತ ಬಂದಿದೆ. ಅದು ಗೆದ್ದದ್ದು ಎಲ್ಲಿ, ಎಡವಿದ್ದು ಎಲ್ಲಿ ಎಂದು ನೋಡಿದರೆ ಎಲ್ಲ ವಿಶ್ವವಿದ್ಯಾಲಯಗಳಿಗೂ ಅನ್ವಯಿಸುವ ಒಂದು ಪಾಠ ಕಾಣುತ್ತದೆ.

ಸೇವೆಗೆಂದೇ ಹುಟ್ಟಿದ ಗಣಕ

ಕೇಂಬ್ರಿಜ್‌ನ ಗಣಿತ ಪ್ರಯೋಗಾಲಯ ಸ್ಥಾಪನೆಯಾದದ್ದು 1937ರಲ್ಲಿ. ಯುದ್ಧ ಮುಗಿದ ಮೇಲೆ ಅದರ ಹೊಣೆ ಹೊತ್ತವರು ಮಾರಿಸ್ ವಿಲ್ಕ್ಸ್. 1946ರಲ್ಲಿ ಅಮೆರಿಕಕ್ಕೆ ಹೋಗಿ, ಗಣಕ ನಿರ್ಮಾಣದ ಕುರಿತ ಉಪನ್ಯಾಸಗಳನ್ನು ಕೇಳಿ ಬಂದ ಅವರು ಎಡ್‌ಸ್ಯಾಕ್ ಕಟ್ಟಲು ತೊಡಗಿದರು. ಸುಮಾರು ಮೂರು ಸಾವಿರ ವಾಲ್ವ್‌ಗಳು, ಪಾದರಸ ತುಂಬಿದ ಉದ್ದನೆಯ ಕೊಳವೆಗಳ ಸ್ಮರಣಕೋಶ, ರಂಧ್ರ ಕೊರೆದ ಕಾಗದದ ಪಟ್ಟಿ, ಉತ್ತರ ಮುದ್ರಿಸಲು ಟೆಲಿಪ್ರಿಂಟರ್ – ಇದು ಯಂತ್ರದ ಸ್ವರೂಪ. 1949ರ ಮೇ 6ರಂದು ಅದು ಮೊದಲ ಬಾರಿಗೆ ಲೆಕ್ಕ ಮಾಡಿತು. 0ಯಿಂದ 99ರವರೆಗಿನ ಸಂಖ್ಯೆಗಳ ವರ್ಗಗಳನ್ನು ಮುದ್ರಿಸಿ ಕೊಟ್ಟಿತು.

ಅದಕ್ಕೆ ಮುನ್ನ, 1948ರಲ್ಲೇ, ಮ್ಯಾಂಚೆಸ್ಟರ್‌ನಲ್ಲಿ ಒಂದು ಪುಟ್ಟ ಗಣಕ ಕೆಲಸ ಮಾಡಿ ತೋರಿಸಿತ್ತು. ವಿಲ್ಕ್ಸ್ ಅವರ ಗುರಿ ಬೇರೆ. ಯಂತ್ರ ಕಟ್ಟುವುದೇ ಅವರಿಗೆ ಕೊನೆಯಾಗಿರಲಿಲ್ಲ. ವಿಶ್ವವಿದ್ಯಾಲಯದ ಯಾವ ವಿಭಾಗದವರೇ ಬರಲಿ, ಅವರ ಲೆಕ್ಕ ಮಾಡಿಕೊಡುವ ಸೇವೆ ನಡೆಯಬೇಕು ಎಂಬುದು ಅವರ ಹಂಬಲ. ಸಂಶೋಧಕರು ತಮ್ಮ ಕಾಗದದ ಪಟ್ಟಿಗಳನ್ನು ಬಟ್ಟೆ ಒಣಹಾಕುವ ಹಾಗೆ ತಂತಿಗೆ ಸಿಕ್ಕಿಸಿ ಹೋಗುತ್ತಿದ್ದರು. ಅದೇ ಸರದಿಯ ಸಾಲು. ರಾತ್ರಿಯ ಹೊತ್ತು, ಅನುಮತಿ ಪಡೆದವರು ತಾವೇ ಯಂತ್ರ ನಡೆಸಬಹುದಿತ್ತು.

ಪ್ರತಿಯೊಬ್ಬರೂ ಮೊದಲಿನಿಂದ ಕ್ರಮವಿಧಿ ಬರೆಯುವುದು ವ್ಯರ್ಥ ಎಂದು ಕಂಡ ಡೇವಿಡ್ ವೀಲರ್ ಮತ್ತು ಸಂಗಡಿಗರು, ಪದೇ ಪದೇ ಬೇಕಾಗುವ ಲೆಕ್ಕಗಳಿಗೆ ಸಿದ್ಧ ತುಣುಕುಗಳ ಸಂಗ್ರಹವನ್ನು ಮಾಡಿದರು. 1951ರ ಹೊತ್ತಿಗೆ ಅದರಲ್ಲಿ 87 ತುಣುಕುಗಳಿದ್ದವು. ಅದೇ ವರ್ಷ ವಿಲ್ಕ್ಸ್, ವೀಲರ್ ಮತ್ತು ಸ್ಟ್ಯಾನ್ಲಿ ಗಿಲ್ ಕ್ರಮವಿಧಿ ರಚನೆಯ ಬಗ್ಗೆ ಪುಸ್ತಕವನ್ನೂ ಪ್ರಕಟಿಸಿದರು. ತಳಿವಿಜ್ಞಾನದ ರೊನಾಲ್ಡ್ ಫಿಷರ್, ಪ್ರೊಟೀನಿನ ರಚನೆಯನ್ನು ಹುಡುಕುತ್ತಿದ್ದ ಜಾನ್ ಕೆಂಡ್ರ್ಯೂ ಮೊದಲಾದವರ ಲೆಕ್ಕಗಳು ಇಲ್ಲಿ ನಡೆದವು. ಕೆಂಡ್ರ್ಯೂ ಅವರಿಗೆ 1962ರಲ್ಲಿ ನೊಬೆಲ್ ಬಂದಿತು.

ಯಂತ್ರ ಹೋದರೂ ಬರಹ ಉಳಿಯಬೇಕು

1958ರ ಆರಂಭದಲ್ಲಿ ಎಡ್‌ಸ್ಯಾಕ್-2 ಸೇವೆಗೆ ಬಂತು. ಹಳೆಯದನ್ನು ಅದೇ ದಿನ ಕಿತ್ತು ಹಾಕಲಿಲ್ಲ. ಕೆಲವು ತಿಂಗಳು ಎರಡನ್ನೂ ಇಟ್ಟುಕೊಂಡು, ಜುಲೈ 11ರಂದು ಮೊದಲನೆಯದಕ್ಕೆ ವಿದಾಯ ಹೇಳಿದರು. ಆದರೂ ತೊಡಕು ತಪ್ಪಲಿಲ್ಲ. ಹೊಸ ಯಂತ್ರದ ಭಾಷೆ ಬೇರೆ. ಹಳೆಯ ಪಟ್ಟಿಗಳು ಅದಕ್ಕೆ ಅರ್ಥವಾಗುತ್ತಿರಲಿಲ್ಲ. ಒಂಬತ್ತು ವರ್ಷ ಕೂಡಿಟ್ಟ ಜಾಣ್ಮೆಯನ್ನು ಹೊಸದಾಗಿ ಬರೆಯಬೇಕಾಯಿತು.

ಈ ಕಷ್ಟಕ್ಕೆ ಪರಿಹಾರ ಬಂದದ್ದು ಯಂತ್ರದಿಂದಲ್ಲ, ಭಾಷೆಯಿಂದ. 1961ರಲ್ಲಿ ಡೇವಿಡ್ ಹಾರ್ಟ್‌ಲಿ ಎಡ್‌ಸ್ಯಾಕ್-2ಕ್ಕಾಗಿ ಆಟೋಕೋಡ್ ಎಂಬ, ಬೀಜಗಣಿತಕ್ಕೆ ಹತ್ತಿರವಾದ ಭಾಷೆಯನ್ನು ಸಿದ್ಧಪಡಿಸಿದರು. ಮುಂದಿನ ಯಂತ್ರವಾದ ಟೈಟನ್‌ಗೂ ಅಂಥದೇ ಆಟೋಕೋಡ್ ಬಂತು. ಸಂಶೋಧಕನ ಬರಹಕ್ಕೂ ಯಂತ್ರದ ಒಡಲಿಗೂ ನಡುವೆ ಒಂದು ಅಂತರ ಏರ್ಪಟ್ಟಿತು. ಯಂತ್ರದ ಜೊತೆ ಬರಹವೂ ಸಾಯಬೇಕೆಂಬ ಕಟ್ಟು ಸಡಿಲವಾಯಿತು.

1964ರಲ್ಲಿ ಕೆಲಸ ಆರಂಭಿಸಿದ ಟೈಟನ್, 1967ರಿಂದ ಏಕಕಾಲಕ್ಕೆ ಹಲವರಿಗೆ ಸೇವೆ ನೀಡತೊಡಗಿತು. ಕಾಗದದ ಪಟ್ಟಿ ಬಗಲಲ್ಲಿಟ್ಟುಕೊಂಡು ಬರುತ್ತಿದ್ದವರು ಈಗ ಕಡತಗಳನ್ನು ಯಂತ್ರದ ತಟ್ಟೆಯ ಮೇಲೇ ಬಿಟ್ಟು ಹೋಗಬಹುದಾಯಿತು. ಇದರಿಂದ ಎರಡು ಹೊಸ ಚಿಂತೆಗಳು ಹುಟ್ಟಿದವು. ಒಬ್ಬನ ಕಡತವನ್ನು ಇನ್ನೊಬ್ಬ ನೋಡಿದರೆ? ತಟ್ಟೆಯೇ ಕೆಟ್ಟರೆ?

ಮೊದಲನೆಯದಕ್ಕೆ ರೋಜರ್ ನೀಡಮ್ ಉಪಾಯ ಕಂಡುಹಿಡಿದರು. ಬಳಕೆದಾರನ ಗುಪ್ತಪದವನ್ನು ಇದ್ದ ಹಾಗೆಯೇ ಬರೆದಿಡುವುದು ಬೇಡ. ಹಿಂದಕ್ಕೆ ಬಿಡಿಸಲಾಗದ ರೂಪಕ್ಕೆ ತಿರುಗಿಸಿ ಇಡೋಣ. ಆಗ ಗುಪ್ತಪದಗಳ ಪಟ್ಟಿಯೇ ಕಳ್ಳನ ಕೈಗೆ ಸಿಕ್ಕರೂ ಅವನಿಗೆ ಅದು ನೇರವಾಗಿ ಉಪಯೋಗಕ್ಕೆ ಬಾರದು. ಇಂದು ಬ್ಯಾಂಕಿನಿಂದ ಹಿಡಿದು ಅಂಚೆಪೆಟ್ಟಿಗೆಯವರೆಗೆ ಇದೇ ತತ್ವ ಬಳಕೆಯಲ್ಲಿದೆ. ಎರಡನೆಯದನ್ನು ಕೈಗೆತ್ತಿಕೊಂಡವರು ಸ್ಯಾಂಡಿ ಫ್ರೇಸರ್. ತಟ್ಟೆಯಲ್ಲಿ ಬದಲಾದ ಕಡತಗಳನ್ನು ನಿಯಮಿತವಾಗಿ ಕಾಂತೀಯ ಟೇಪಿಗೆ ನಕಲು ಮಾಡುವ ವ್ಯವಸ್ಥೆಯನ್ನು ರೂಪಿಸಿ, 1969ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಸಂಶೋಧಕನ ದತ್ತಾಂಶ ಅವನಿಗೆ ಅರಿವಿಲ್ಲದೆಯೇ ಕಾಪಾಡಲ್ಪಡಬೇಕು ಎಂಬ ಧೋರಣೆ ಅದರ ಹಿಂದಿತ್ತು.

ಒಂದೇ ಹೆಸರು, ಹಲವು ಯಂತ್ರ

1970ರ ದಶಕದ ಆರಂಭದಲ್ಲಿ ಕೇಂಬ್ರಿಜ್ ಸ್ವಂತ ಯಂತ್ರ ಕಟ್ಟುವ ಪರಿಪಾಠವನ್ನು ಬಿಟ್ಟು, ಐಬಿಎಂ ಕಂಪೆನಿಯ 370/165 ಗಣಕವನ್ನು ತಂದಿತು. ಟೈಟನ್ 1973ರಲ್ಲಿ ನಿಂತಿತು. ಹೊಸ ಯಂತ್ರದ ಮೇಲೆ ಕೇಂಬ್ರಿಜ್‌ನವರೇ ಕಟ್ಟಿದ ಬಳಕೆಯ ವ್ಯವಸ್ಥೆಗೆ ಫೀನಿಕ್ಸ್ ಎಂದು ಹೆಸರು. ಬೂದಿಯಿಂದ ಮತ್ತೆ ಹುಟ್ಟುವ ಹಕ್ಕಿಯ ಈ ಹೆಸರು ಅನ್ವರ್ಥವೇ ಆಯಿತು. ಕೆಳಗಿನ ಯಂತ್ರಗಳು ಮುಂದೆ ಒಂದಲ್ಲ ಎರಡು ಸಲ ಬದಲಾದವು. ಮೇಲಿದ್ದ ಫೀನಿಕ್ಸ್ ಮಾತ್ರ ಬಳಕೆದಾರನಿಗೆ ಪರಿಚಿತ ಮುಖವಾಗಿಯೇ ಉಳಿಯಿತು. ಸುಮಾರು ಎರಡು ದಶಕ ಹೀಗೆ ನಡೆದು, 1995ರಲ್ಲಿ ಅದೂ ನಿಂತಿತು.

ಅಷ್ಟರಲ್ಲಿ ಮೇಜಿನ ಮೇಲಿನ ಗಣಕಗಳೂ ಅಂತರಜಾಲವೂ ಬಂದಿದ್ದವು. ಇ-ಅಂಚೆಗಾಗಿ ಹರ್ಮಿಸ್ ಎಂಬ ಪ್ರತ್ಯೇಕ ವ್ಯವಸ್ಥೆ 1993ರಲ್ಲೇ ಸಿದ್ಧವಾಗಿತ್ತು. ಅದೇ ಗಣಕ ಸೇವೆಯ ಫಿಲಿಪ್ ಹೇಜಲ್ 1995ರಲ್ಲಿ ವಿಶ್ವವಿದ್ಯಾಲಯದ ಅಂಚೆ ಸಾಗಿಸಲು ಬರೆದ ಎಕ್ಸಿಮ್ ಎಂಬ ತಂತ್ರಾಂಶ, ಮುಂದೆ ಜಗತ್ತಿನ ಅಸಂಖ್ಯ ಗಣಕಗಳಲ್ಲಿ ಬಳಕೆಗೆ ಬಂತು.

ಕೇಳದೇ ತಂದ ಬದಲಾವಣೆ

ಇಷ್ಟು ಅನುಭವವಿದ್ದೂ ಕೇಂಬ್ರಿಜ್ ಒಮ್ಮೆ ಜೋರಾಗಿ ಎಡವಿತು. 2000ದ ಆಗಸ್ಟ್‌ನಲ್ಲಿ ಅಲ್ಲಿ ಕ್ಯಾಪ್ಸಾ ಎಂಬ ಹೊಸ ಹಣಕಾಸು ಲೆಕ್ಕ ವ್ಯವಸ್ಥೆ ಜಾರಿಗೆ ಬಂತು. ಇದು ಬರೀ ಕಚೇರಿಯ ಗುಮಾಸ್ತರ ವಿಷಯ ಎನಿಸಬಹುದು. ಆದರೆ ಸಂಶೋಧನೆಯ ಅನುದಾನ, ಉಪಕರಣದ ಖರೀದಿ ಎಲ್ಲವೂ ಅದರ ಮೂಲಕವೇ ಆಗಬೇಕು. ವ್ಯವಸ್ಥೆ ತಡವರಿಸಿದಾಗ ವಿಭಾಗಗಳ ಸಿಬ್ಬಂದಿ ಬವಣೆಪಟ್ಟರು. ಕೊನೆಗೆ ಮೈಕೆಲ್ ಶ್ಯಾಟಕ್ ಮತ್ತು ಆಂಥನಿ ಫಿಂಕೆಲ್‌ಸ್ಟೀನ್ ಎಂಬ ಹೊರಗಿನ ಇಬ್ಬರು ತಜ್ಞರು ಪರಿಶೀಲನೆ ನಡೆಸಿದರು. 2001ರ ನವೆಂಬರ್‌ನಲ್ಲಿ ಅವರ ವರದಿಗಳನ್ನು ವಿಶ್ವವಿದ್ಯಾಲಯವೇ ತನ್ನ ಗೆಜೆಟ್ಟಿನಲ್ಲಿ ಎಲ್ಲರಿಗೂ ಕಾಣುವಂತೆ ಅಚ್ಚು ಹಾಕಿತು. ದೋಷ ಬರೀ ತಂತ್ರಾಂಶದಲ್ಲಿರಲಿಲ್ಲ. ಆಡಳಿತದ ರೀತಿಯಲ್ಲೂ ಬಳಸುವವರನ್ನು ಸಿದ್ಧಗೊಳಿಸಿದ ರೀತಿಯಲ್ಲೂ ಕೊರತೆಗಳಿದ್ದವು ಎಂಬುದು ಅವುಗಳ ಸಾರ. ತನ್ನ ತಪ್ಪಿನ ವರದಿಯನ್ನು ಮುಚ್ಚಿಡದೆ ಪ್ರಕಟಿಸಿದ್ದು ಮಾತ್ರ ಮೆಚ್ಚಬೇಕಾದ ನಡತೆ.

ಬೇಲಿಯೇ ಹೊಲ ಮೇಯ್ದಾಗ

ಕ್ಯಾಪ್ಸಾದಲ್ಲಿ ಕಷ್ಟವಾಯಿತು, ಆದರೆ ದತ್ತಾಂಶ ನಾಶವಾದ ಕಥೆ ಅದಲ್ಲ. ಸುಧಾರಣೆಯೊಂದು ದತ್ತಾಂಶವನ್ನೇ ನುಂಗಬಲ್ಲದು ಎಂಬುದನ್ನು ನೋಡಲು ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಅಲ್ಲಿನ ಸೂಪರ್ ಕಂಪ್ಯೂಟರಿನ ಕಡತಗಳನ್ನು ನಕಲು ಮಾಡಿ ಕಾಪಾಡುವ ಒಂದು ಕ್ರಮವಿಧಿ ಇತ್ತು – ಫ್ರೇಸರ್ ಟೈಟನ್‌ಗೆ ರೂಪಿಸಿದ ವ್ಯವಸ್ಥೆಯ ವಂಶದ್ದೇ ಎನ್ನಬಹುದು. ಹತ್ತು ದಿನಕ್ಕಿಂತ ಹಳೆಯದಾದ ದಾಖಲೆ ಕಡತಗಳನ್ನು ಅಳಿಸುವುದೂ ಅದರ ಕೆಲಸ. 2021ರ ಡಿಸೆಂಬರ್‌ನಲ್ಲಿ, ಯಂತ್ರ ಪೂರೈಸಿದ್ದ ಕಂಪೆನಿಯವರು ಅದನ್ನು ಸುಧಾರಿಸಿ ಹೊಸ ರೂಪವನ್ನು ಹಾಕಿದರು. ಆದರೆ ಹಳೆಯದು ಇನ್ನೂ ಓಡುತ್ತಲೇ ಇತ್ತು. ಓಡುತ್ತಿರುವ ಕ್ರಮವಿಧಿಯ ಮೇಲೆಯೇ ಹೊಸದನ್ನು ಬರೆದದ್ದರಿಂದ, ಅಳಿಸಬೇಕಾದ ಜಾಗದ ಹೆಸರು ಖಾಲಿ ಉಳಿಯಿತು. ದಾಖಲೆ ಕಡತಗಳ ಬದಲು ಸಂಶೋಧಕರ ಕಡತಗಳೇ ಅಳಿಸಿಹೋಗತೊಡಗಿದವು.

14ರಿಂದ 16ನೇ ತಾರೀಖಿನ ನಡುವೆ ಸುಮಾರು 3 ಕೋಟಿ 40 ಲಕ್ಷ ಕಡತಗಳು, 77 ಟೆರಾಬೈಟ್‌ಗಳಷ್ಟು ದತ್ತಾಂಶ ಮಾಯವಾಯಿತು. ಹದಿನಾಲ್ಕು ಸಂಶೋಧನಾ ತಂಡಗಳಿಗೆ ಪೆಟ್ಟು ಬಿತ್ತು. ಅವುಗಳಲ್ಲಿ ನಾಲ್ಕು ತಂಡಗಳ ಕಡತಗಳನ್ನು ನಕಲಿನಿಂದಲೂ ಮರಳಿ ಪಡೆಯಲಾಗಲಿಲ್ಲ. ಕಾಯಲು ಹಾಕಿದ ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಕಂಪೆನಿ ತಪ್ಪನ್ನು ತನ್ನದೆಂದು ಒಪ್ಪಿಕೊಂಡಿತು. ವಿಶ್ವವಿದ್ಯಾಲಯವು, ಮುಖ್ಯ ಕಡತಗಳನ್ನು ಬೇರೆ ಕಡೆಯೂ ಇಟ್ಟುಕೊಳ್ಳಿ ಎಂದು ಬಳಕೆದಾರರಿಗೆ ತಿಳಿಸಿತು.

ಬದಲಾವಣೆಯ ಮರ್ಮ

ಎಡ್‌ಸ್ಯಾಕ್‌ನ ಕಥೆಗೆ ಇನ್ನೊಂದು ಅಡಿಟಿಪ್ಪಣಿ ಇದೆ. 1958ರಲ್ಲಿ ಅದನ್ನು ಬಿಚ್ಚಿದಾಗ ಅದರ ನಕ್ಷೆಗಳನ್ನು ಜೋಪಾನ ಮಾಡಬೇಕೆಂದು ಯಾರೂ ಎಣಿಸಿದಂತಿಲ್ಲ. 2011ರಲ್ಲಿ ಅದರ ಪ್ರತಿಕೃತಿ ಕಟ್ಟಲು ಹೊರಟ ಸ್ವಯಂಸೇವಕರು ಹಳೆಯ ಫೋಟೊಗಳನ್ನು ದಿಟ್ಟಿಸಿ ಭಾಗಗಳನ್ನು ಊಹಿಸಬೇಕಾಯಿತು. ಕೆಲಸ ಸಾಕಷ್ಟು ಮುಂದುವರಿದ ಮೇಲೆ, 2014ರಲ್ಲಿ, ಹತ್ತೊಂಬತ್ತು ಮೂಲ ನಕ್ಷೆಗಳು ಬೆಳಕಿಗೆ ಬಂದವು. ಜಗತ್ತಿಗೇ ಲೆಕ್ಕ ಕಲಿಸಿದ ಯಂತ್ರದ ಸ್ವಂತ ದಾಖಲೆಗೇ ಈ ಗತಿ.

ಇದಕ್ಕೇ ಇಂದು ವಿಶ್ವವಿದ್ಯಾಲಯಗಳು ಪ್ರಬಂಧಗಳ ಜೊತೆಗೆ ಅವುಗಳ ಹಿಂದಿನ ದತ್ತಾಂಶವನ್ನೂ ಕಾಪಿಡುವ ಡಿಜಿಟಲ್ ಭಂಡಾರಗಳನ್ನು ನಡೆಸುತ್ತಿವೆ. ಕೇಂಬ್ರಿಜ್‌ನಲ್ಲಿ ಅಂಥ ಭಂಡಾರಕ್ಕೆ ಅಪೊಲೊ ಎಂದು ಹೆಸರು. 2014ರಲ್ಲಿ ಅಲ್ಲಿನ ಗಣಕ ಸೇವೆ ಮತ್ತು ಆಡಳಿತದ ಮಾಹಿತಿ ವಿಭಾಗಗಳು ಒಂದಾದವು. ಯಂತ್ರಗಳು ಮುಂದೆಯೂ ಬದಲಾಗುತ್ತವೆ, ಬದಲಾಗಲೇಬೇಕು.

ಹೊಸ ಯಂತ್ರ ಕೊಳ್ಳಲು ಹಣ ಸಾಕು. ಹಳೆಯದರಲ್ಲಿದ್ದ ಕೆಲಸವನ್ನು ಹೊಸದಕ್ಕೆ ದಾಟಿಸಲು ಸಮಯ ಬೇಕು, ಬಳಸುವವರ ಜೊತೆ ಮಾತು ಬೇಕು, ಎರಡನ್ನೂ ಕೆಲಕಾಲ ಜೊತೆಯಾಗಿ ನಡೆಸುವ ತಾಳ್ಮೆ ಬೇಕು. ಈ ಖರ್ಚನ್ನು ಬಜೆಟ್ಟಿನಲ್ಲಿ ಮೊದಲೇ ಬರೆದಿಟ್ಟ ಕಡೆ ಬದಲಾವಣೆ ಸದ್ದಿಲ್ಲದೆ ನಡೆದುಹೋಗುತ್ತದೆ. ಬರೆಯದ ಕಡೆ ಅದನ್ನು ಸಂಶೋಧಕರೇ ತೆರಬೇಕಾಗುತ್ತದೆ, ಒಮ್ಮೊಮ್ಮೆ ವರ್ಷಗಳ ದುಡಿಮೆಯನ್ನೇ ಕೊಟ್ಟು.