ಸಿದ್ದಿಗಳ ಫೋಟೊ ಯಾರ ಮನೆಯಲ್ಲಿದೆ?

ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಇಖ್ಲಾಸ್ ಖಾನ್ ಎಂಬ ಪ್ರಭಾವಿ ಮಂತ್ರಿಯಿದ್ದ. ಆಫ್ರಿಕಾ ಮೂಲದವನು. 17ನೇ ಶತಮಾನದಲ್ಲಿ ಬರೆದ ಅವನ ಚಿತ್ರವೊಂದು ಈಗ ಅಮೆರಿಕದ ಸ್ಯಾನ್ ಡಿಯಾಗೊ ಕಲಾ ಮ್ಯೂಸಿಯಂನಲ್ಲಿದೆ. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಕೊನೆಗೆ ಅಹ್ಮದ್‌ನಗರದ ಸೇನಾಪತಿಯಾಗಿ ಮೊಗಲರನ್ನು ತಡೆದು ನಿಲ್ಲಿಸಿದ ಮಲಿಕ್ ಅಂಬರ್ ತೀರಿಕೊಂಡದ್ದು 1626ರಲ್ಲಿ. ಅವನ ಮುಖವೂ ನಮಗೆ ಗೊತ್ತು, ಏಕೆಂದರೆ ಅವನದೂ ಚಿತ್ರಗಳಿವೆ.

ಹೊಸಬಾಳೆ ಕಡೆಯಿಂದ ಬನವಾಸಿ, ಶಿರಸಿ ದಾಟಿ ಮಂಚೀಕೇರಿ, ಯಲ್ಲಾಪುರದ ಕಡೆ ಹೋದರೆ ಅದೇ ಆಫ್ರಿಕಾ ಖಂಡದಿಂದ ಬಂದವರ ಮೊಮ್ಮಕ್ಕಳ ಮೊಮ್ಮಕ್ಕಳು ಸಿಗುತ್ತಾರೆ. ಅವರು ಸಿದ್ದಿಗಳು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಜೋಯಿಡಾ ತಾಲ್ಲೂಕುಗಳ ಕಾಡಂಚಿನಲ್ಲಿ, ಹಾಗೆಯೇ ಕಲಘಟಗಿ, ಖಾನಾಪುರದ ಕಡೆಯೂ ಇದ್ದಾರೆ. ಮನೆಯಲ್ಲಿ ಮುತ್ತಜ್ಜನ ಫೋಟೊ ಇದೆಯೇ ಎಂದು ಅವರನ್ನು ಕೇಳಿದರೆ ಇದೆ ಎನ್ನುವವರು ಅಪರೂಪ.

ಇದಕ್ಕೆ ಕಾರಣ ಇತಿಹಾಸದಲ್ಲೇ ಇದೆ. ಪೋರ್ಚುಗೀಸರು ಮೊಜಾಂಬಿಕ್ ಮೊದಲಾದ ಕಡೆಗಳಿಂದ ಜನರನ್ನು ಹಿಡಿದು ಗೋವಾಕ್ಕೆ ತಂದು ಮಾರುತ್ತಿದ್ದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಈ ಕಾಡು ಸೇರಿದರು. ಬ್ರಿಟಿಷ್ ಇಂಡಿಯಾದಲ್ಲಿ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿದ್ದು 1843ರಲ್ಲಿ, ಪೋರ್ಚುಗಲ್ ತನ್ನ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದು ಮಾಡಿದ್ದು 1869ರಲ್ಲಿ. ಅಡಗಿ ಬದುಕಬೇಕಾದವರು ತಮ್ಮ ಗುರುತು ಬಿಟ್ಟು ಹೋಗುವುದಿಲ್ಲ. ಆಮೇಲೆ ತೋಟ, ಗದ್ದೆಗಳಲ್ಲಿ ಕೂಲಿ ಮಾಡಿ ಬದುಕಿದವರಿಗೆ ಪೇಟೆಯ ಸ್ಟುಡಿಯೊಗೆ ಹೋಗಿ ಕುರ್ಚಿಯಲ್ಲಿ ಕೂರುವ ಅನುಕೂಲವೂ ಇರಲಿಲ್ಲ. 2011ರಲ್ಲಿ ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಡಿಎನ್‌ಎ ಪರೀಕ್ಷಿಸಿ ಸಿದ್ದಿಗಳ ಆಫ್ರಿಕಾ ಮೂಲವನ್ನು ಖಚಿತಪಡಿಸಿದರು. ಆದರೆ ರಕ್ತದಲ್ಲಿ ಊರಿನ ಸುಳಿವು ಸಿಗಬಹುದೇ ಹೊರತು ಅಜ್ಜಿಯ ಹೆಸರು ಸಿಗುವುದಿಲ್ಲ.

ಹಾಗಂತ ಸಿದ್ದಿಗಳ ಫೋಟೊಗಳೇ ಇಲ್ಲವೆಂದಲ್ಲ. 2013ರಲ್ಲಿ ನ್ಯೂಯಾರ್ಕಿನ ಶೊಂಬರ್ಗ್ ಸೆಂಟರ್ ಭಾರತದ ಆಫ್ರಿಕನ್ನರ ಬಗ್ಗೆ ದೊಡ್ಡ ಪ್ರದರ್ಶನ ಮಾಡಿತು. ಅದೇ ವರ್ಷ ಛಾಯಾಗ್ರಾಹಕಿ ಕೇತಕಿ ಶೇಠ್ ಸಿದ್ದಿಗಳ ಕಪ್ಪು-ಬಿಳುಪು ಚಿತ್ರಗಳ ಪುಸ್ತಕ ತಂದರು. ಇನ್ನು ನಮ್ಮಂಥ ಪತ್ರಿಕೆಯವರು ತೆಗೆದ ಫೋಟೊಗಳಿಗೆ ಲೆಕ್ಕವಿಲ್ಲ. ಉತ್ಸವದ ಮೆರವಣಿಗೆಯಲ್ಲಿ ಸೊಪ್ಪು ಕಟ್ಟಿಕೊಂಡು ಡಮಾಮಿ ಕುಣಿಯುವ ಚಿತ್ರ, ಅದರ ಕೆಳಗೆ 'ಸಿದ್ದಿ ನೃತ್ಯ ಪ್ರದರ್ಶಿಸಿದ ಕಲಾವಿದರು' ಎಂಬ ಒಂದು ಸಾಲು. ಉದ್ಘಾಟಿಸಿದ ಅಧ್ಯಕ್ಷರ ಹೆಸರು ಇರುತ್ತದೆ, ಡಮಾಮಿ ಬಾರಿಸಿದವರ ಹೆಸರು ಇರುವುದಿಲ್ಲ. ಇನ್ನು ಐವತ್ತು ವರ್ಷ ಕಳೆದು ಆ ಪತ್ರಿಕೆ ಸಿಕ್ಕರೂ ಅದರಲ್ಲಿರುವುದು ತನ್ನ ಅಜ್ಜನೇ ಎಂದು ಮೊಮ್ಮಗನಿಗೆ ಗೊತ್ತಾಗುವುದು ಹೇಗೆ?

ಫೋಟೊ ಇಲ್ಲದ ಕಡೆ ಸಿದ್ದಿಗಳು ನೆನಪನ್ನು ಬೇರೆ ರೀತಿಯಲ್ಲಿ ಕಾಪಾಡಿಕೊಂಡಿದ್ದಾರೆ. ಅವರಲ್ಲಿ ಹಿಂದೂಗಳು, ಕ್ರೈಸ್ತರು, ಮುಸ್ಲಿಮರು ಮೂರೂ ಇದ್ದಾರೆ, ಆದರೆ ಹಿರಿಯರ ಪೂಜೆ ಎಂದರೆ ಎಲ್ಲರಿಗೂ ಸೇರಿದ್ದು. ಹೆಂಗಸರು ಮನೆಯವರ ಹಳೇ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಒಳಕ್ಕೆ ಸುತ್ತುತ್ತ ಹೊಲಿದು ಕೌದಿ ಮಾಡುತ್ತಾರೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಹೊರಜಗತ್ತಿಗೆ ಪರಿಚಯಿಸಿದರು. ನಮ್ಮ ಪಕ್ಕದ ಹೆಗ್ಗೋಡಿನ ನೀನಾಸಂ ಕೂಡ ಮಂಚೀಕೇರಿಯ ಸಿದ್ದಿಗಳ ಜೊತೆ ಸೇರಿ ಚಿನುವಾ ಅಚಿಬೆಯ ಕಾದಂಬರಿಯನ್ನು ನಾಟಕ ಮಾಡಿಸಿತ್ತು. ನೈಜೀರಿಯಾದ ಹಳ್ಳಿಯ ಕಥೆಯನ್ನು ಕನ್ನಡದಲ್ಲಿ ಆಡಿದವರು ಆಫ್ರಿಕಾದಿಂದ ಬಂದವರ ಮಕ್ಕಳೇ.

ನೆನಪು ಉಳಿಸುವುದು ಬರೀ ಭಾವನೆಯ ಮಾತಲ್ಲ. ಬಗರ್‌ಹುಕುಂ ಅರ್ಜಿ ಹಿಡಿದು ಅಲೆದ ನಮ್ಮ ಸೀಮೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಯವರು 2020ರವರೆಗೆ ಕಾಯಬೇಕಾಯಿತು. ಶಾಂತಾರಾಮ ಸಿದ್ದಿ ವಿಧಾನ ಪರಿಷತ್ ಸದಸ್ಯರಾದದ್ದೂ ಅದೇ ವರ್ಷ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 13 ಡಿಸೆಂಬರ್ 2005ಕ್ಕೆ ಮೊದಲಿನಿಂದ ಕಾಡಿನಲ್ಲಿ ಇದ್ದುದನ್ನು ತೋರಿಸಿದರೆ ಸಾಕು. ಉಳಿದವರು 75 ವರ್ಷದ ವಾಸ ತೋರಿಸಬೇಕು. ಕಾಯ್ದೆಯ ನಿಯಮಗಳು ಒಪ್ಪುವ ಪುರಾವೆಗಳಲ್ಲಿ ಸರ್ಕಾರಿ ಕಾಗದಗಳ ಜೊತೆಗೆ ಹಳೇ ಬಾವಿ, ಸಮಾಧಿ, ಪೂಜಾಸ್ಥಳಗಳಿವೆ, ವಂಶಾವಳಿಯಿದೆ, ಊರ ಹಿರಿಯರ ಬರಹಕ್ಕಿಳಿಸಿದ ಹೇಳಿಕೆಯೂ ಇದೆ. ಅಂದರೆ ಅಜ್ಜಿಯ ನೆನಪಿಗೂ ಕಾನೂನಿನಲ್ಲಿ ಬೆಲೆಯಿದೆ, ಬರೆದಿಟ್ಟರೆ ಮಾತ್ರ. ಅಜ್ಜಿ ಹೋದ ಮೇಲೆ ಅಜ್ಜನ ಸಮಾಧಿ ಎಲ್ಲಿದೆ ಎಂದು ತೋರಿಸುವವರು ಯಾರು?

ಈ ಕೆಲಸಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಮದುವೆ ಫೋಟೊ, ಶಾಲೆಯ ಗುಂಪು ಫೋಟೊ, ಹಳೇ ಮತದಾರರ ಚೀಟಿಯ ಮೇಲಿನ ಚಿತ್ರ, ಯಾವುದಾದರೂ ಒಂದು ಮನೆಯಲ್ಲಿ ಇದ್ದೇ ಇರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ, ಗೆದ್ದಲು ತಿನ್ನುತ್ತದೆ. ಲ್ಯಾಮಿನೇಶನ್ ಮಾಡಿಸಬಾರದು, ಶಾಖಕ್ಕೆ ಚಿತ್ರ ಕೆಡುತ್ತದೆ, ಮತ್ತೆ ಬಿಡಿಸಲೂ ಬರುವುದಿಲ್ಲ. ಗಾಜಿಗೆ ಅಂಟಿದ್ದರೆ ಕೀಳಬಾರದು, ಹಾಗೆಯೇ ನೆರಳಿನ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ನೇರವಾಗಿ ಮೊಬೈಲ್‌ನಲ್ಲಿ ತೆಗೆದುಕೊಳ್ಳಬೇಕು. ಸ್ಕ್ಯಾನರ್ ಸಿಕ್ಕರೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಬೇಕು. ಫೋಟೊ ಹಿಂದೆ ಮೆತ್ತನೆ ಪೆನ್ಸಿಲಿನಿಂದ ಎಡದಿಂದ ಬಲಕ್ಕೆ ಹೆಸರು, ಊರು, ಅಂದಾಜು ವರ್ಷ ಬರೆಯಬೇಕು. ಫೋಟೊ ತೋರಿಸುತ್ತ ಹಿರಿಯರು ಆಡುವ ಮಾತನ್ನು, ಅದು ಕನ್ನಡವಿರಲಿ, ಕೊಂಕಣಿಯಿರಲಿ, ಅವರ ಒಪ್ಪಿಗೆ ಪಡೆದು ರೆಕಾರ್ಡ್ ಮಾಡಬೇಕು. ಮೂಲ ಪ್ರತಿ ಆ ಮನೆಯಲ್ಲೇ ಉಳಿಯಬೇಕು.

ಪತ್ರಿಕೋದ್ಯಮ ಕಲಿತ ನಾವು ಇನ್ನೊಂದು ಕೆಲಸ ಮಾಡಬಹುದು. ಈ ಭಾಗದ ಸ್ಟ್ರಿಂಜರ್‌ಗಳ ಹಳೇ ಹಾರ್ಡ್‌ಡಿಸ್ಕ್‌ಗಳಲ್ಲಿ, ಮುಚ್ಚಿದ ಸ್ಟುಡಿಯೊಗಳ ನೆಗೆಟಿವ್ ಡಬ್ಬಿಗಳಲ್ಲಿ ಸಿದ್ದಿಗಳ ಎಷ್ಟೋ ಚಿತ್ರಗಳು ಬಿದ್ದಿರಬಹುದು. ಅವನ್ನು ಪ್ರಿಂಟ್ ಹಾಕಿಸಿ ಆಯಾ ಊರಿಗೆ ಒಯ್ದು, ಇದು ಯಾರು ಎಂದು ಕೇಳಿ, ಹೆಸರು ಬರೆದು, ಪ್ರತಿಯನ್ನು ಅವರ ಕೈಗೇ ಕೊಟ್ಟು ಬರೋಣ. ಮುಂದಿನ ಉತ್ಸವದ ವರದಿಯಲ್ಲಿ ಡಮಾಮಿ ಬಾರಿಸಿದವರ ಹೆಸರನ್ನೂ ಹಾಕೋಣ.