ಬತ್ತಳಿಕೆಯಲ್ಲಿ ಉಳಿದ ಅರೆಬರೆ ಬಾಣಗಳು

ಚುನಾವಣೆ ಹತ್ತಿರ ಬಂತೆಂದರೆ ‘ಬತ್ತಳಿಕೆಯಲ್ಲಿ ಇನ್ನೂ ಬಾಣಗಳಿವೆ’ ಎಂದು ಹೇಳದ ರಾಜಕಾರಣಿ ಅಪರೂಪ. ಮಾತಿನಲ್ಲಿ ಇಷ್ಟು ಬಳಕೆಯಾಗುವ ಬತ್ತಳಿಕೆಯನ್ನು ಕಣ್ಣಾರೆ ಕಂಡವರು ಮಾತ್ರ ಕಡಿಮೆ. ಕ್ಯಾಲೆಂಡರ್ ಚಿತ್ರಗಳಲ್ಲಿ ಶ್ರೀರಾಮನ ಹೆಗಲ ಹಿಂದೆ ಇಣುಕುವ ಬತ್ತಳಿಕೆಯಷ್ಟೇ ನಮಗೆ ಪರಿಚಿತ. ಹಿಂದಿನ ಕಾಲದ ಬಿಲ್ಲುಗಾರ ತನ್ನ ಸರಂಜಾಮನ್ನು ನಿಜಕ್ಕೂ ಹೇಗೆ ಹೊರುತ್ತಿದ್ದ ಎಂದು ತಿಳಿಯುವುದು ಸುಲಭವಲ್ಲ. ಬಾಣದ ಕಲ್ಲಿನ ಮೊನೆ ಸಾವಿರಾರು ವರ್ಷ ಉಳಿಯುತ್ತದೆ. ಅದನ್ನು ಹೊತ್ತ ತೊಗಲು, ಮರ, ಹುರಿಗಳು ಮಣ್ಣಾಗುತ್ತವೆ.

ಈ ಮಾತಿಗೆ ದೊಡ್ಡ ಅಪವಾದವೊಂದು ದೊರೆತದ್ದು 1991ರ ಸೆಪ್ಟೆಂಬರ್ 19ರಂದು. ಆಸ್ಟ್ರಿಯ ಮತ್ತು ಇಟಲಿಗಳ ಗಡಿಯಲ್ಲಿ, ಆಲ್ಪ್ಸ್ ಪರ್ವತದ 3210 ಮೀಟರ್ ಎತ್ತರದಲ್ಲಿ, ಕರಗುತ್ತಿದ್ದ ಹಿಮದಿಂದ ವ್ಯಕ್ತಿಯೊಬ್ಬನ ದೇಹ ಹೊರಬಿತ್ತು. ಆತ ಸುಮಾರು 5300 ವರ್ಷಗಳ ಹಿಂದೆ ಸತ್ತವನೆಂದು ಪರೀಕ್ಷೆಗಳು ತಿಳಿಸಿದವು. ಓಟ್ಸಿ ಎಂದು ಹೆಸರಾದ ಈತನ ಜೊತೆಗೆ ಆತ ಹೊತ್ತಿದ್ದ ಸಾಮಾನುಗಳನ್ನೂ ಹಿಮ ಕಾಪಾಡಿತ್ತು.

ಬಿಲ್ಲು ಹಿಡಿದು ಬೇಟೆಗೆ ಹೊರಟವನ ಹೊರೆ ಸಾಮಾನ್ಯ ದಾರಿಹೋಕನ ಗಂಟಿನಂತಲ್ಲ. ಬಾಣ ಉದ್ದ, ಆದರೆ ನಾಜೂಕು. ಅದರ ಗರಿ ನೆನೆಯಬಾರದು, ಬಿಲ್ಲಿನ ಹೆದೆ ತೇವಗೊಳ್ಳಬಾರದು. ಮೊನೆ ಹೊತ್ತವನನ್ನೇ ಚುಚ್ಚಬಾರದು. ಸಾಮಾನು ಸದ್ದು ಮಾಡಿ ಪ್ರಾಣಿಯನ್ನು ಎಚ್ಚರಿಸಬಾರದು. ಇಷ್ಟಾದರೂ ಬೇಕೆಂದಾಗ ಕ್ಷಣದಲ್ಲಿ ಕೈಗೆ ಸಿಗಬೇಕು. ಬೇಟೆ ಫಲಿಸಿದರೆ ಹಿಂದಿರುಗುವಾಗ ಮಾಂಸದ ಭಾರ ಬೇರೆ.

ಇವೆಲ್ಲಕ್ಕೂ ಒಂದೇ ಚೀಲ ಸಾಲದು. ಓಟ್ಸಿ ಹೊರೆಯನ್ನು ಹಂಚಿಕೊಂಡಿದ್ದ. ಬಾಣಗಳಿಗೆ ಉದ್ದನೆಯ ತೊಗಲಿನ ಬತ್ತಳಿಕೆ. ಅದು ಮಡಚಿಕೊಳ್ಳದಂತೆ ಪಕ್ಕದಲ್ಲಿ ಹೇಜಲ್ ಮರದ ಕೋಲಿನ ಆಸರೆ. ಆ ತೊಗಲು ಯುರೋಪಿನ ರೋ ಜಿಂಕೆಯದೆಂದು 2016ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆ ತೋರಿಸಿತು. ಸೊಂಟದ ಪಟ್ಟಿಗೆ ಹೊಲಿದ ಸಣ್ಣ ಚೀಲದಲ್ಲಿ ಚಕಮಕಿ ಕಲ್ಲಿನ ಉಪಕರಣಗಳು, ಮೂಳೆಯ ದಬ್ಬಳ, ಬೆಂಕಿ ಹೊತ್ತಿಸಲು ಒಣ ಅಣಬೆ ಇದ್ದವು. ಬರ್ಚ್ ಮರದ ತೊಗಟೆಯ ಡಬ್ಬಿಯೊಂದರಲ್ಲಿ ಕೆಂಡವನ್ನು ಎಲೆಗಳಲ್ಲಿ ಸುತ್ತಿ ಒಯ್ಯುತ್ತಿದ್ದ ಕುರುಹಿದೆ. ಭಾರದ ಸಾಮಾನಿಗೆ ಬೆನ್ನ ಮೇಲೊಂದು ಚೌಕಟ್ಟು: ಹೇಜಲ್ ಕೋಲನ್ನು ಕಮಾನಿನಂತೆ ಬಗ್ಗಿಸಿ ಲಾರ್ಚ್ ಮರದ ಎರಡು ಹಲಗೆ ಬಿಗಿದದ್ದು. ಅದು ಹಿಮದಲ್ಲಿ ನಡೆಯುವ ಪಾದರಕ್ಷೆಯ ಭಾಗವೆಂಬ ವಾದವೂ ಇದೆ. ಆದರೂ ಹೊರೆಯ ಚೌಕಟ್ಟೆಂಬ ಅಭಿಪ್ರಾಯವೇ ಹೆಚ್ಚು ಪ್ರಚಲಿತ.

ಸಾಮಾನು ಜೋಡಿಸಿಕೊಳ್ಳುವುದರಲ್ಲಿ ಇಷ್ಟು ನಿಷ್ಣಾತನಾದವನ ಬತ್ತಳಿಕೆಯನ್ನು ಬಿಚ್ಚಿದಾಗ ಸಂಶೋಧಕರಿಗೆ ಅಚ್ಚರಿ ಕಾದಿತ್ತು. ಅದರಲ್ಲಿದ್ದ 14 ಬಾಣಗಳಲ್ಲಿ ಪೂರ್ಣವಾಗಿ ಸಿದ್ಧವಾಗಿದ್ದವು ಎರಡೇ. ಆ ಎರಡೂ ಮುರಿದಿದ್ದವು. ಉಳಿದ 12 ಮೊನೆಯಾಗಲಿ ಗರಿಯಾಗಲಿ ಇಲ್ಲದ ಬರಿಯ ಕಡ್ಡಿಗಳು. ಯೂ ಮರದ ಬಿಲ್ಲು 1.82 ಮೀಟರ್ ಉದ್ದವಿತ್ತು. ಅದರ ಮೇಲೆ ಕೆತ್ತಿದ ಗುರುತು ಹಾಗೇ ಇತ್ತು, ನುಣುಪು ಮಾಡುವ ಕೆಲಸ ಬಾಕಿಯಿತ್ತು. ಬತ್ತಳಿಕೆಯಲ್ಲಿ ಪ್ರಾಣಿಯ ಸ್ನಾಯುವಿನಿಂದ ಹೊಸೆದ ಹುರಿಯೂ ಜಿಂಕೆ ಕೊಂಬಿನ ತುಂಡುಗಳೂ ಇದ್ದವು. ಅಂದರೆ ಅದು ಬತ್ತಳಿಕೆಯ ಜೊತೆಗೆ ಸಂಚಾರಿ ಕಾರ್ಯಾಗಾರವೂ ಆಗಿತ್ತು.

ಕೆಲಸ ಮುಗಿಯಲಿಲ್ಲವೇಕೆ? ಉತ್ತರ ನಿಧಾನವಾಗಿ ದೊರೆಯಿತು. 2001ರಲ್ಲಿ ಎಕ್ಸ್-ರೇ ಪರೀಕ್ಷೆಯಿಂದ ಓಟ್ಸಿಯ ಎಡ ಹೆಗಲಿನೊಳಗೆ ಕಲ್ಲಿನ ಬಾಣದ ಮೊನೆಯೊಂದು ಪತ್ತೆಯಾಯಿತು. ಬೆನ್ನ ಕಡೆಯಿಂದ ಬಂದ ಬಾಣ ರಕ್ತನಾಳವನ್ನು ಕತ್ತರಿಸಿತ್ತು. ಬಲಗೈಯಲ್ಲಿ ಸಾವಿಗೆ ಕೆಲವು ದಿನ ಮೊದಲೇ ಆಗಿದ್ದ ಆಳವಾದ ಗಾಯವಿತ್ತು. ಉಪಕರಣಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಮತ್ತೊಂದು ಸಂಗತಿ ಹೇಳಿತು: ಹೊಸ ಚಕಮಕಿ ಕಲ್ಲು ಸಿಗದೆ, ಇದ್ದ ಉಪಕರಣಗಳನ್ನೇ ಮತ್ತೆ ಮತ್ತೆ ಹರಿತಗೊಳಿಸಿ ಆತ ಬಳಸುತ್ತಿದ್ದ. ಬಲಗೈಗೆ ಪೆಟ್ಟು, ಮೊನೆಗೆ ಕಲ್ಲಿಲ್ಲ. ಬಾಣ ಸಿದ್ಧವಾಗುವುದಾದರೂ ಹೇಗೆ?

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಬೇಟೆಗೆ ಅವಕಾಶವಿಲ್ಲ. ಬಿಲ್ಲಿನ ಬೇಟೆಗೆ ಪರವಾನಗಿ ನೀಡುವ ಅಮೆರಿಕದಂಥ ದೇಶಗಳಲ್ಲಿ ಅದಕ್ಕೆಂದೇ ಬೆನ್ನುಚೀಲಗಳು ಮಾರಾಟಕ್ಕಿವೆ. ತೊಗಲಿನ ಬದಲು ನೈಲಾನ್, ಹೇಜಲ್ ಕೋಲಿನ ಬದಲು ಅಲ್ಯೂಮಿನಿಯಂ ಅಥವಾ ಕಾರ್ಬನ್ ಚೌಕಟ್ಟು. ಆದರೆ ಕೊಳ್ಳುವವರು ನೋಡುವುದು ಹಳೆಯ ಅಂಶಗಳನ್ನೇ: ಸದ್ದು, ತೇವ, ಮೊನೆಯ ರಕ್ಷಣೆ, ಹಿಂದಿರುಗುವಾಗಿನ ಭಾರ.

ಓಟ್ಸಿಯ ಸಾಮಾನುಗಳು 1998ರಿಂದ ಇಟಲಿಯ ಬೊಲ್ಜಾನೊ ನಗರದ ವಸ್ತುಸಂಗ್ರಹಾಲಯದಲ್ಲಿವೆ. ಯಾವ ಚೀಲದಲ್ಲಿ ಏನಿರಬೇಕೆಂದು ಇಷ್ಟು ಚೆನ್ನಾಗಿ ಅರಿತಿದ್ದವನಿಗೆ ಕೊನೆಯಲ್ಲಿ ಒದಗದೆ ಹೋದದ್ದು ಒಂದೆರಡು ದಿನಗಳ ಬಿಡುವು. ಮೊನೆಯಿಲ್ಲದ ಆ 12 ಕಡ್ಡಿಗಳು ಅದನ್ನೇ ಹೇಳುತ್ತವೆ.